ಕೈ ಏನು ಮಾಡುತ್ತಿತ್ತು

ಸೋಮವಾರ ಬೆಳಗ್ಗೆ ಮಾಚೇನಹಳ್ಳಿಯ ಗೇಟಿನಲ್ಲಿ
ಬೆರಳು ಒತ್ತಿದೆ. ಯಂತ್ರ ಗುರುತು ಹಿಡಿಯಲಿಲ್ಲ.
ಕಬ್ಬಿಣ ಸವೆಸಿದ ಬೆರಳು, ಒಮ್ಮೊಮ್ಮೆ ಹಾಗಾಗುತ್ತದೆ.
ಸೆರಗಿಗೆ ಒರೆಸಿ ಮತ್ತೆ ಒತ್ತಿದೆ.
ವಾಚ್‌ಮನ್ ಗಿಡ್ಡಪ್ಪ ಬೇರೆಲ್ಲೋ ನೋಡುತ್ತ
ಲಕೋಟೆ ಚಾಚಿದ:
'ಒಳಗೆ ಬಿಡಬೇಡ ಅಂದಿದಾರೆ, ಗುತ್ಯಕ್ಕ.'

ಒಂದೇ ಹಾಳೆ. ಹನ್ನೊಂದನೇ ಷರತ್ತಿನ ಪ್ರಕಾರ
ಕಾರಣ ಹೇಳುವ ಅಗತ್ಯ ಇಲ್ಲವಂತೆ.
ಹದಿನಾಲ್ಕು ವರ್ಷದ ಹಿಂದೆ ನಾನೇ ಸಹಿ ಹಾಕಿದ್ದಂತೆ.
ಹಾಕಿದ್ದೆ.
ಕೆಲಸ ಸಿಕ್ಕಿದ ದಿನ ಷರತ್ತು ಎಣಿಸುವವರ್ಯಾರು?

ಎಂಥ ಕೆಲಸ ಅಂತ ಕೇಳಿ:
ಎರಕ ಹೊಯ್ದು ಆರಿದ ತುಂಡು
ಒಂದೊಂದನ್ನೂ ಸಣ್ಣ ಸುತ್ತಿಗೆಯಲ್ಲಿ ತಟ್ಟುವುದು,
ಕಿವಿಗೊಡುವುದು.
ಗಟ್ಟಿಯಿದ್ದರೆ ಟಣ್ ಎಂದು ಬಹಳ ಹೊತ್ತು ನಿಲ್ಲುತ್ತದೆ.
ಒಳಗೆ ಬಿರುಕಿದ್ದರೆ ಥಪ್, ಅಷ್ಟೇ.
ಕಣ್ಣಿಗೆ ಏನೂ ಕಾಣುವುದಿಲ್ಲ.

ಹಾಗೇ ವಕೀಲರನ್ನು ತಟ್ಟುತ್ತ ಹೊರಟೆ.

ಮೊದಲನೆಯವರು ನಾನು ಕೂರುವ ಮೊದಲೇ
'ಪಹಣಿ ತಂದಿದೀರಾ?' ಎಂದರು.
ಜಮೀನೇ ಇಲ್ಲ ಎಂದೆ. ಪಾಪ, ಅವರಿಗೇ ಬೇಜಾರಾಯಿತು.
ದುರ್ಗಿಗುಡಿಯವರು ಕಾಫಿಗೆ ಹೇಳಿದರು,
ಕಂಪನಿ ಯಾವುದು ಅಂದರು,
ಕಾಫಿ ಬರುವಷ್ಟರಲ್ಲಿ ಎದ್ದು ನಿಂತಿದ್ದರು.
ಗೋಡೆಯ ಕ್ಯಾಲೆಂಡರಿನಲ್ಲಿ ನಮ್ಮದೇ ಚಿಮಣಿ.
ಮೂರನೆಯವರು ಗೆದ್ದೇ ಗೆಲ್ಲುತ್ತೇವೆ ಅಂದರು,
ಲಕೋಟೆ ಬಿಚ್ಚದೆಯೇ. ಇಪ್ಪತ್ತು ಸಾವಿರ ಮುಂಗಡ.
ಥಪ್.

ಕೋರ್ಟಿನ ಜಗಲಿಯಲ್ಲಿ ಟೈಪ್ ಮಾಡುವ ವಾಮನಣ್ಣ
ಕೀಲಿಮಣೆಯಿಂದ ತಲೆ ಎತ್ತದೆ ಹೇಳಿದರು:
'ಕೆಲಸ ಹೋದೋರ ಕೇಸಲ್ಲಿ ದುಡ್ಡಿಲ್ಲಮ್ಮ,
ಅದಕ್ಕೇ ಯಾರೂ ಕಲಿಯಲ್ಲ.
ಗಾಂಧಿಬಜಾರಲ್ಲಿ ಪಾತ್ರೆ ಅಂಗಡಿ ಮೇಲೆ ಒಬ್ಬರಿದಾರೆ.
ಮೆಟ್ಟಿಲು ಕತ್ತಲು. ಗೋಡೆ ಹಿಡ್ಕಂಡು ಹತ್ತಿ.'

ಶಾಕಿರಾ ಮೇಡಂ ನನಗಿಂತ ಚಿಕ್ಕವರು.
ಒಂದೇ ಮೇಜು; ಅದರ ಅರ್ಧ
ಏಳರ ಮಗ್ಗಿ ಬರೆಯುವ ಮಗಳದ್ದು.
ಕಾಗದ ಎರಡು ಸಲ ಓದಿದರು.
'ಹನ್ನೊಂದು ಸುಮ್ನೆ ಹೆದರಿಸೋಕೆ.
ನನಗೆ ಹೆದರಿಕೆ ಇದು,' ಎಂದು ಬೆರಳಿಟ್ಟರು
ನನ್ನ ಹೆಸರಿನ ಕೆಳಗಿದ್ದ ಪದದ ಮೇಲೆ:
ಸೂಪರ್‌ವೈಸರ್.

ಎರಡು ವರ್ಷದ ಹಿಂದೆ ಆಯುಧಪೂಜೆಯ ದಿನ
ಪೇಢೆ ಕೊಟ್ಟು ಆ ಪದವನ್ನೂ ಕೊಟ್ಟಿದ್ದರು.
ಸಂಬಳ ಮೊದಲಿನಷ್ಟೇ,
ನೀಲಿ ಕೋಟು ಮಾತ್ರ ಬಿಳಿಯಾಗಿತ್ತು.
ಹೊಸನಗರದ ಅಕ್ಕನಿಗೆ ಫೋನು ಮಾಡಿ ಹೇಳಿದ್ದೆ.
ಆ ಪದ ಇದ್ದವರು ಕಾನೂನಿನ ಲೆಕ್ಕದಲ್ಲಿ
ಕಾರ್ಮಿಕರೇ ಅಲ್ಲ ಎಂದು ಅವರು ವಾದಿಸಬಹುದಂತೆ.
ತಿಂದ ಪೇಢೆ ಈಗ ಗಂಟಲಲ್ಲಿ ಸಿಕ್ಕಿಕೊಂಡಿತು.

'ಪದ ಬಿಡಿ. ದಿನಾ ನಿಮ್ಮ ಕೈ ಏನು ಮಾಡ್ತಿತ್ತು?
ಯಾರದಾದರೂ ರಜೆಗೆ ಸಹಿ ಹಾಕ್ತಿತ್ತಾ?
ಯಾರನ್ನಾದರೂ ಕೆಲಸದಿಂದ ತೆಗೀತಿತ್ತಾ?'

ಇಲ್ಲ ಮೇಡಂ. ತಟ್ಟುತ್ತಿತ್ತು.
ದಿನಕ್ಕೆ ನಾನೂರು, ತಿಂಗಳ ಕೊನೆಗೆ ಆರುನೂರು.
ಬಿಳಿ ಕೋಟು ಹಾಕಿಕೊಂಡೇ ತಟ್ಟುತ್ತಿತ್ತು.
ಹೇಳುತ್ತ ಹೇಳುತ್ತ ಮೇಜಿನ ಪೇಪರ್‌ವೇಟನ್ನು
ಗೆಣ್ಣಿನಲ್ಲಿ ತಟ್ಟುತ್ತಿದ್ದೆನಂತೆ,
ಮಗು ನಕ್ಕಾಗಲೇ ನನಗೆ ಗೊತ್ತಾದದ್ದು.
ಮೇಡಂ ನಗಲಿಲ್ಲ. ಬರೆದುಕೊಂಡರು.

ಲೆಕ್ಕ ಎಲ್ಲಾದರೂ ಇಟ್ಟಿದೀರಾ?
ಇದೆ. ಗ್ಯಾಸಿನ ಪುಸ್ತಕದ ಜೊತೆ ಹದಿನಾಲ್ಕು ಡೈರಿ.
ನಾಲ್ಕು ಗೀಟು, ಅಡ್ಡ ಒಂದು ಗೀಟು;
ತಿರಸ್ಕರಿಸಿದ್ದಕ್ಕೆ ಸೊನ್ನೆ.
ಯಾಕೆ ಇಟ್ಟೆನೋ. ಯಾರೂ ಕೇಳಿರಲಿಲ್ಲ.

'ಗೆಲ್ತೀವಾ ಮೇಡಂ?'
'ಗೊತ್ತಿಲ್ಲ. ವರ್ಷಗಟ್ಟಲೆ ಆಗಬಹುದು.
ಸಾಹೇಬರ ಮುಂದೆ ರಾಜಿಗೆ ಕರೀತಾರೆ, ಕಡಿಮೆ ಕೊಡ್ತಾರೆ.
ಅಲ್ಲೀವರೆಗೆ ಊಟಕ್ಕೆ ಏನು ಮಾಡ್ತೀರಿ,
ಮೊದಲು ಅದು ಹೇಳಿ.'

ಕೆಳಗೆ ಅಂಗಡಿಯಲ್ಲಿ ಯಾರೋ
ತಾಮ್ರದ ಬಿಂದಿಗೆ ತಟ್ಟಿ ನೋಡಿದರು.
ದನಿ ಕತ್ತಲ ಮೆಟ್ಟಿಲು ಹತ್ತಿ ಬಂತು.
ಕೊಳ್ಳಿ, ಚೆನ್ನಾಗಿದೆ,
ಎಂದು ಕೂಗಿ ಹೇಳಬೇಕೆನಿಸಿತು.

ವಕಾಲತ್ತಿನ ಹಾಳೆ ಮುಂದಿಟ್ಟರು.
ಈ ಸಲ ಎಲ್ಲವನ್ನೂ ಓದಿದೆ,
ಒಂದೊಂದೇ ಸಾಲು, ಬೆರಳಿಟ್ಟುಕೊಂಡು.
ಮೇಡಂ ಕಾದರು.
'ಇನ್ನೂ ಎಷ್ಟೊತ್ತು ಅಮ್ಮಿ?' ಎಂದಿತು ಮಗು,
ಏಳೆಂಟ್ಲ ಎಷ್ಟೆಂದು ಮರೆತು.